ದನಿ ಸ್ಪಷ್ಟವಾದರೆ ವಾಲ್ಯೂಮ್ ಏರಿಸಬೇಕಿಲ್ಲ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮನೆಯ ಆಡಿಯೊ ಸಾಧನಗಳು ಮತ್ತು ಕಿವಿಯ ಆರೋಗ್ಯದ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ. ಪತ್ರಗಳನ್ನು ಓದಿದಾಗ ಒಂದು ಮಾತು ಎದ್ದು ಕಂಡಿತು. ಜೋರು ಸದ್ದಿನ ಆಸೆಗೆ ವಾಲ್ಯೂಮ್ ಏರಿಸುವವರು ಕಡಿಮೆ. ಮಾತು ತಿಳಿಯಲಿಲ್ಲ, ಫ್ಯಾನಿನ ಸದ್ದು ಅಡ್ಡ ಬಂತು, ಕೋಣೆ ಗುಂಯ್‌ಗುಟ್ಟಿತು ಎಂದು ಏರಿಸುವವರೇ ಬಹಳ. ಆದ್ದರಿಂದ ‘ತಗ್ಗಿಸಿ’ ಎಂದಷ್ಟೇ ಹೇಳಿ ಮುಗಿಸದೆ, ತಗ್ಗಿಸಿದರೂ ಚೆನ್ನಾಗಿ ಕೇಳುವ ದಾರಿಗಳನ್ನು ಬರೆದಿದ್ದೇವೆ.

ಪ್ರಶ್ನೆ: ನಮ್ಮ ಪಡಸಾಲೆ 12 ಅಡಿಗೆ 14 ಅಡಿ ಐತಿ. ಹೊಸದಾಗಿ 5.1 ಹೋಂ ಥಿಯೇಟರ್ ಹಾಕಿಸೇವಿ. ಸಿನಿಮಾದಾಗ ಮಾತು ಕೇಳಂಗಿಲ್ಲ, ವಾಲ್ಯೂಮ್ ಏರಿಸಿದರ ಫೈಟಿಂಗ್ ಬಂದಾಗ ಕಿಡಕಿ ಗಾಜು ನಡಗತಾವ. ಸಣ್ಣ ಮಗಳು ಕಿವಿ ಮುಚ್ಚಿಕೋತಾಳ. ಏನು ಮಾಡಬೇಕು?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮಗಳು ಕಿವಿ ಮುಚ್ಚಿಕೊಳ್ಳುತ್ತಾಳೆ ಎಂದರೆ ಆ ಕೋಣೆಯಲ್ಲಿ ಸದ್ದು ಮಿತಿ ಮೀರಿದೆ ಎಂದೇ ತಿಳಿಯಿರಿ. ಮಕ್ಕಳ ಆ ಸನ್ನೆಯನ್ನು ಹಟವೆಂದು ತಳ್ಳಿಹಾಕಬೇಡಿ.

5.1 (ಐದು ಸ್ಪೀಕರ್, ಬಾಸಿಗೆಂದೇ ಒಂದು ಸಬ್‌ವೂಫರ್) ಟ್ರ್ಯಾಕಿನಲ್ಲಿ ಮಾತಿನ ಬಹುಪಾಲು ಬರುವುದು ಟಿವಿಯ ಕೆಳಗಿರುವ ಸೆಂಟರ್ ಸ್ಪೀಕರಿನಿಂದ. ಅದೊಂದು ಕುಗ್ಗಿದ್ದರೆ, ಅದರ ಸಲುವಾಗಿ ನೀವು ಉಳಿದ ಸ್ಪೀಕರುಗಳನ್ನೂ ಸಬ್‌ವೂಫರನ್ನೂ ಏರಿಸುತ್ತೀರಿ. ಮೊದಲು ಸೆಂಟರ್ ಮಾತಾಡುತ್ತಿದೆಯೇ ನೋಡಿ. ವಾಲ್ಯೂಮ್ ತಗ್ಗಿಸಿಟ್ಟು ಅದರ ಹತ್ತಿರ ಹೋಗಿ ಕೇಳಿದರೆ ಗೊತ್ತಾಗುತ್ತದೆ. ಸೆಟ್‌ಟಾಪ್ ಬಾಕ್ಸಿನಿಂದ ಕೆಂಪು-ಬಿಳಿ ಎರಡೇ ವೈರು ಬಂದಿದ್ದರೆ ಅದು ಬರೀ ಸ್ಟೀರಿಯೊ. ಎಷ್ಟೋ ಸೆಟ್‌ಗಳಲ್ಲಿ ಆಗ ಸೆಂಟರ್ ಸುಮ್ಮನಿರುತ್ತದೆ. ಟಿವಿಯಿಂದ ಎಚ್‌ಡಿಎಂಐ ಎಆರ್‌ಸಿ ಅಥವಾ ಆಪ್ಟಿಕಲ್ ವೈರು ಹಾಕಿ, ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ ಎಂದಿದ್ದರೆ ‘ಆಟೊ’ ಇಲ್ಲವೇ ‘ಬಿಟ್‌ಸ್ಟ್ರೀಮ್’ ಮಾಡಿ.

ನಂತರ ಸ್ಪೀಕರ್ ಲೆವೆಲ್ ಮೆನುವಿಗೆ ಹೋಗಿ ಸೆಂಟರನ್ನು 2ರಿಂದ 3 ಡೆಸಿಬಲ್ ಏರಿಸಿ, ಸಬ್‌ವೂಫರನ್ನು 3 ಡೆಸಿಬಲ್ ಇಳಿಸಿ. ‘ನೈಟ್ ಮೋಡ್’, ‘ಡಿಆರ್‌ಸಿ’, ‘ಡೈನಾಮಿಕ್ ರೇಂಜ್’ ಎಂಬ ಹೆಸರಿನ ಯಾವುದಾದರೂ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಅದನ್ನು ಆನ್ ಮಾಡಿ. ಪಿಸುಮಾತನ್ನು ಎತ್ತಿ ಬಾಂಬಿನ ಸದ್ದನ್ನು ತಗ್ಗಿಸುವುದೇ ಅದರ ಕೆಲಸ. ಹೆಸರು ನೈಟ್ ಮೋಡ್ ಆದರೂ ನಿಮ್ಮಷ್ಟು ಸಣ್ಣ ಕೋಣೆಯಲ್ಲಿ ಹಗಲೂ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಮಾತು ಡೊಳ್ಳಾಗಿ, ದಿಕ್ಕಿಲ್ಲದಂತೆ ಕೇಳುತ್ತಿದ್ದರೆ ಯಾವುದೋ ಒಂದು ಸ್ಪೀಕರಿನ ವೈರು ತಿರುವುಮುರುವಾಗಿರಬಹುದು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿದೆಯೇ ಎಂದು ಎರಡೂ ತುದಿಯಲ್ಲಿ ನೋಡಿ. ಅನುಮಾನವಿದ್ದರೆ ಸ್ಪೀಕರಿನ ವೈರನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, 1.5 ವೋಲ್ಟಿನ ಬ್ಯಾಟರಿಯ ಪ್ಲಸ್ಸನ್ನು ಕೆಂಪಿಗೂ ಮೈನಸ್ಸನ್ನು ಕಪ್ಪಿಗೂ ಒಂದು ಕ್ಷಣ ಮುಟ್ಟಿಸಿ. ಕೋನ್ ಮುಂದಕ್ಕೆ ಬಂದರೆ ಸರಿ, ಹಿಂದಕ್ಕೆ ಸರಿದರೆ ಉಲ್ಟಾ. ಬ್ಯಾಟರಿಯನ್ನು ಹಾಗೇ ಹಿಡಿದಿರಬೇಡಿ, ಕಾಯಿಲ್ ಕಾಯುತ್ತದೆ.

ಸಬ್‌ವೂಫರ್ ಮೂಲೆಯಲ್ಲಿದ್ದರೆ ಎರಡು ಗೋಡೆ ಮತ್ತು ನೆಲ ಸೇರಿ ಬಾಸನ್ನು ಹಿಗ್ಗಿಸುತ್ತವೆ. ಹಿಗ್ಗಿದ ಬಾಸು ಮಾತನ್ನು ನುಂಗುತ್ತದೆ. ಮೂಲೆಯಿಂದ ಎರಡು-ಮೂರು ಅಡಿ ಈಚೆಗೆ ತನ್ನಿ. ಸೆಂಟರ್ ಸ್ಪೀಕರ್ ಟಿವಿ ಸ್ಟ್ಯಾಂಡಿನ ಒಳಗಡೆ ಹುದುಗಿದ್ದರೆ ಅಂಚಿಗೆ ಎಳೆದು, ಕೆಳಗೆ ಚೂರು ರಬ್ಬರ್ ಕೊಟ್ಟು ಕುಳಿತವರ ಮುಖದ ಕಡೆ ಮೇಲೆತ್ತಿ.

ಇನ್ನು ಕೋಣೆ. ನಮ್ಮ ಕಡೆ ಮನೆಗಳಲ್ಲಿ ನೆಲಕ್ಕೆ ಫರ್ಸಿ ಅಥವಾ ಟೈಲ್ಸ್, ಮೇಲೆ ಆರ್‌ಸಿಸಿ, ಸುತ್ತ ಬೋಳು ಗೋಡೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಅದರ ಬಾಲ ‘ಝಿಂಯ್’ ಎಂದು ಉಳಿದರೆ ಒಂದು ಅಕ್ಷರದ ಮೇಲೆ ಇನ್ನೊಂದು ಬಿದ್ದು ಮಾತು ಕಲಸಿಹೋಗುತ್ತಿದೆ. ನವಲಗುಂದದ ಜಮಖಾನ ಹಾಸಿದರೆ ನೆಲದಿಂದ ಪುಟಿಯುವ ಮೇಲಿನ ಸ್ವರದ ದನಿ ತುಸು ತಗ್ಗುತ್ತದೆ. ಅದರಡಿ ದಪ್ಪ ಕೌದಿ ಹಾಕಿದರೆ ಇನ್ನೂ ಚೆನ್ನ. ಸೋಫಾದ ಹಿಂದಿನ ಗೋಡೆಗೆ ನಾಲ್ಕೈದು ಪದರಿನ ಕೌದಿಯನ್ನು ಗೋಡೆಯಿಂದ ಎರಡು ಇಂಚು ಬಿಟ್ಟು ತೂಗಿಬಿಡಿ. ಕಿಡಕಿಗೆ ನೆರಿಗೆ ಹೆಚ್ಚಿರುವ ದಪ್ಪ ಪರದೆ ಹಾಕಿ, ಪರದೆಯ ಅಗಲ ಕಿಡಕಿಯ ಎರಡರಷ್ಟಿರಲಿ. ತತ್ತಿಯ ಟ್ರೇ ಅಂಟಿಸುವುದು ಬೇಡ; ಅದರಿಂದ ಆಗುವ ಲಾಭ ನಗಣ್ಯ, ಬೆಂಕಿಯ ಭಯ ಬೇರೆ. ಇಷ್ಟು ಮಾಡಿದ ಮೇಲೆ ಮೊದಲಿನ ಸಿನಿಮಾವನ್ನೇ ಹಾಕಿ ನೋಡಿ, ಎಷ್ಟು ಕಡಿಮೆ ವಾಲ್ಯೂಮಿಗೆ ಮಾತು ತಿಳಿಯುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನಿನಲ್ಲಿ ಎರಡು ತಾಸು ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನಸೂರ ಅವರ ಗಾಯನ ಕೇಳುವ ರೂಢಿ. ಹಳೆಯ ಸ್ಟೀರಿಯೊ ಆಂಪ್ಲಿಫೈಯರಿನ ಹೆಡ್‌ಫೋನ್ ಜ್ಯಾಕಿಗೇ ಹಾಕುತ್ತೇನೆ. ವಾಲ್ಯೂಮ್ ಸಣ್ಣದಿಟ್ಟರೆ ಎಡಗಡೆ ದನಿಯೇ ಬರುವುದಿಲ್ಲ, ತುಸು ತಿರುಗಿಸಿದರೆ ಜೋರಾಗುತ್ತದೆ. ಎಷ್ಟು ಹೊತ್ತು ಕೇಳಿದರೆ ಅಪಾಯವಿಲ್ಲ?
— ಓದುಗರು, ಗದಗ

ಉತ್ತರ: ಹೊತ್ತು ಮತ್ತು ಮಟ್ಟ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ತಾಸು, 80 ಡೆಸಿಬಲ್. ಮಟ್ಟ 3 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿ, ಆದ್ದರಿಂದ ಹೊತ್ತು ಅರ್ಧ. 83ಕ್ಕೆ ವಾರಕ್ಕೆ 20 ತಾಸು, 86ಕ್ಕೆ 10 ತಾಸು, 89ಕ್ಕೆ 5 ತಾಸು, 92ಕ್ಕೆ ಎರಡೂವರೆ ತಾಸು. ನೀವು ವಾರಕ್ಕೆ 14 ತಾಸು ಕೇಳುತ್ತೀರಿ. ಸರಾಸರಿ 83 ಡೆಸಿಬಲ್ ಒಳಗಿದ್ದರೆ ಈ ಮಿತಿಯಲ್ಲೇ ಇರುತ್ತೀರಿ.

ಖಯಾಲ್ ಕೇಳುವವರಿಗೆ ಒಂದು ವಿಶೇಷ ಎಚ್ಚರ. ಮಂದ್ರದ ಆಲಾಪ ಕೇಳುವಾಗ ವಾಲ್ಯೂಮ್ ಹೊಂದಿಸಿಕೊಂಡರೆ ಅರ್ಧ ತಾಸಿನ ಮೇಲೆ ತಾರ ಷಡ್ಜ, ದ್ರುತದ ತಾನು, ತಬಲಾ ಎಲ್ಲ ಸೇರಿ ಬರುವಾಗ ಮಟ್ಟ ಬಹಳ ಮೇಲೆ ಹೋಗಿರುತ್ತದೆ. ಕಿವಿ ಅಷ್ಟರಲ್ಲಿ ಒಗ್ಗಿಕೊಂಡಿರುವುದರಿಂದ ಏರಿದ್ದು ಗೊತ್ತೇ ಆಗುವುದಿಲ್ಲ. ಆದ್ದರಿಂದ ದ್ರುತದ ಭಾಗವನ್ನು ಮೊದಲು ಒಂದು ನಿಮಿಷ ಹಾಕಿ, ಅದಕ್ಕೆ ತಕ್ಕಂತೆ ವಾಲ್ಯೂಮ್ ಇಟ್ಟು, ಆಮೇಲೆ ಆಲಾಪಕ್ಕೆ ಬನ್ನಿ. ಫ್ಯಾನ್ ಒಂದು ಹಂತ ಇಳಿಸಿದರೆ ತಂಬೂರಿ ಅಷ್ಟರಲ್ಲೇ ಕೇಳುತ್ತದೆ.

ಎಡಗಡೆ ದನಿ ಬಾರದಿರುವುದು ವಾಲ್ಯೂಮ್ ಪಾಟ್‌ನ (ನಾಬಿನ ಹಿಂದಿರುವ ಬಿಡಿಭಾಗದ) ದೋಷ. ಒಂದೇ ದಂಡಿನ ಮೇಲೆ ಎರಡು ಕಾರ್ಬನ್ ಪಟ್ಟಿಗಳಿರುತ್ತವೆ. ಆರಂಭದ ತುದಿಯಲ್ಲಿ ಎರಡೂ ಸಮನಾಗಿರುವುದಿಲ್ಲ. ಅದು ಸಮನಾಗುವ ಜಾಗದವರೆಗೆ ತಿರುಗಿಸಬೇಕಾಗುವುದರಿಂದ ಬೇಡವೆಂದರೂ ಸದ್ದು ಹೆಚ್ಚುತ್ತದೆ. ಹಳೆಯ ಆಂಪ್ಲಿಫೈಯರುಗಳಲ್ಲಿ ಹೆಡ್‌ಫೋನ್ ಜ್ಯಾಕು ಬಹುತೇಕ ಸ್ಪೀಕರ್ ಔಟ್‌ಪುಟ್ಟಿನಿಂದಲೇ ಒಂದು ರೆಸಿಸ್ಟರ್ ಮೂಲಕ ಬರುತ್ತದೆ. ಉದಾಹರಣೆಗೆ ಆ ರೆಸಿಸ್ಟರ್ 330 ಓಮ್, ಹೆಡ್‌ಫೋನ್ 32 ಓಮ್, 1 ಮಿಲಿವ್ಯಾಟಿಗೆ 100 ಡೆಸಿಬಲ್ ಕೊಡುವಂಥದ್ದು ಎಂದುಕೊಳ್ಳಿ. 8 ಓಮ್ ಸ್ಪೀಕರಿಗೆ 50 ವ್ಯಾಟ್ ಕೊಡುವ ಆಂಪ್ಲಿಫೈಯರಿನಲ್ಲಿ 20 ವೋಲ್ಟ್ ಇರುತ್ತದೆ. ಹೆಡ್‌ಫೋನಿಗೆ ಸುಮಾರು 1.8 ವೋಲ್ಟ್, ಅಂದರೆ ಹತ್ತಿರ ಹತ್ತಿರ 100 ಮಿಲಿವ್ಯಾಟ್ ತಲುಪಿ, ಕಿವಿಯ ಬಳಿ 120 ಡೆಸಿಬಲ್ ಹೊಮ್ಮಬಹುದು. ಕೈ ತಪ್ಪಿ ನಾಬ್ ತಿರುಗಿದರೆ ಎಂಥ ಅನಾಹುತ ನೋಡಿ.

ಪರಿಹಾರ ಸುಲಭ, ಖರ್ಚೂ ಕಡಿಮೆ. ಒಂದು ಹೆಡ್‌ಫೋನ್ ಎಕ್ಸ್‌ಟೆನ್ಷನ್ ವೈರು ತಂದು ನಡುವೆ ಕತ್ತರಿಸಿ. ಎಡ-ಬಲ ಎರಡೂ ಕಡೆ 100 ಓಮ್, 1 ವ್ಯಾಟ್ ರೆಸಿಸ್ಟರನ್ನು ಸಾಲಿನಲ್ಲಿ ಸೇರಿಸಿ; ಅದರ ಹೆಡ್‌ಫೋನ್ ಬದಿಯ ತುದಿಯಿಂದ ಗ್ರೌಂಡಿಗೆ 10 ಓಮ್, ಅರ್ಧ ವ್ಯಾಟಿನ ಇನ್ನೊಂದನ್ನು ಬೆಸೆಯಿರಿ. ಬೆಸುಗೆಗಳಿಗೆ ಹೀಟ್‌ಶ್ರಿಂಕ್ ಟ್ಯೂಬ್ ಹಾಕಿ, ಎಡ ಬಲಕ್ಕೆ ತಗಲುವಂತಿರಬಾರದು. ಮೇಲಿನ ಲೆಕ್ಕದಲ್ಲಿ ಇದರಿಂದ 14 ಡೆಸಿಬಲ್ ಇಳಿಯುತ್ತದೆ. ಅಂದರೆ ನಾಬನ್ನು ಪಾಟ್ ಸಮನಾಗಿರುವ ನಡುಭಾಗಕ್ಕೆ ತಂದರೂ ಸದ್ದು ಹಿತವಾಗಿರುತ್ತದೆ, ಆಂಪ್ಲಿಫೈಯರಿನ ‘ಗುಂಯ್’ ಕೂಡ ಅಷ್ಟೇ ತಗ್ಗುತ್ತದೆ. ಯಾವುದೇ ರಿಪೇರಿ ಅಂಗಡಿಯವರು ಇದನ್ನು ಅರ್ಧ ತಾಸಿನಲ್ಲಿ ಮಾಡಿಕೊಡಬಲ್ಲರು.

‘ಲೌಡ್‌ನೆಸ್’ ಎಂಬ ಗುಂಡಿ ಇದ್ದರೆ ರಾತ್ರಿ ಒತ್ತಿಕೊಳ್ಳಿ. ಸದ್ದು ಕಡಿಮೆಯಾದಾಗ ನಮ್ಮ ಕಿವಿಗೆ ಬಾಸು ಕೇಳುವುದು ಇನ್ನೂ ಕಡಿಮೆ. ಆ ಕೊರತೆಯನ್ನು ತುಂಬಲೆಂದೇ ಅದನ್ನು ಇಟ್ಟಿರುತ್ತಾರೆ.

ಪ್ರಶ್ನೆ: ಮೊಬೈಲಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಹಾಕಿಕೊಂಡಿದ್ದೇನೆ. ಹಾಡು ಹಾಕಿದಾಗ 78 ತೋರಿಸುತ್ತದೆ. ನಂಬಬಹುದೇ?
— ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಅಂದಾಜಿಗೆ ಸಾಕು, ತೀರ್ಪಿಗೆ ಸಾಲದು. ಫೋನಿನಿಂದ ಫೋನಿಗೆ 5 ಡೆಸಿಬಲ್ಲಿಗೂ ಹೆಚ್ಚು ವ್ಯತ್ಯಾಸ ಬರಬಹುದು. ಹೀಗೆ ಒರೆ ಹಚ್ಚಿ: ಫ್ಯಾನ್, ಟಿವಿ ಬಂದ್ ಮಾಡಿ, ಒಬ್ಬರು ಒಂದು ಮೀಟರ್ ದೂರದಿಂದ ಮಾಮೂಲಿ ದನಿಯಲ್ಲಿ ಓದಲಿ. ಆಗ 60ರ ಆಸುಪಾಸು ತೋರಿಸಬೇಕು. 70 ತೋರಿಸಿದರೆ ನಿಮ್ಮ ಫೋನು ಹೆಚ್ಚು ಹೇಳುತ್ತಿದೆ, 50 ತೋರಿಸಿದರೆ ಕಡಿಮೆ ಹೇಳುತ್ತಿದೆ. ಕಡಿಮೆ ಹೇಳುವ ಫೋನೇ ಅಪಾಯಕಾರಿ.

ಅಳೆಯುವಾಗ ‘ಎ’ ವೇಟಿಂಗ್ (ಕಿವಿಯ ಕೇಳ್ಮೆಗೆ ತಕ್ಕ ಅಳತೆ), ‘ಸ್ಲೋ’ ಆಯ್ಕೆ ಮಾಡಿ, ಕವರ್ ತೆಗೆದು, ನೀವು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಹಿಡಿಯಿರಿ. ಕುಣಿಯುವ ಅಂಕಿಯನ್ನು ಬಿಟ್ಟು 10 ನಿಮಿಷದ ಸರಾಸರಿ ನೋಡಿ, ಆ್ಯಪಿನಲ್ಲಿ ಅದಕ್ಕೆ ‘ಎಲ್‌ಇಕ್ಯೂ’ ಎಂದಿರುತ್ತದೆ. ‘ಎ’ ವೇಟಿಂಗ್ 50 ಹರ್ಟ್ಜ್‌ನಲ್ಲಿ 30 ಡೆಸಿಬಲ್ ಕಳೆದು ತೋರಿಸುತ್ತದೆ. ನಿಮ್ಮ ಒಳಕಿವಿಯ ಮಟ್ಟಿಗೆ ಆ ಲೆಕ್ಕ ಸರಿ, ಆದರೆ ಗೋಡೆಯಾಚೆಯ ನೆರೆಯವರಿಗೆ ಬಾಸು ಎಷ್ಟು ಬಡಿಯುತ್ತಿದೆ ಎಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ. ಹೆಡ್‌ಫೋನನ್ನು ಫೋನಿನ ಮೈಕಿಗೆ ಒತ್ತಿ ಅಳೆಯುವುದಂತೂ ವ್ಯರ್ಥ. ಕಿವಿಯ ಕೊಳವೆಯಲ್ಲಿ ಉಂಟಾಗುವ ಒತ್ತಡವೇ ಬೇರೆ.

ಆ್ಯಪ್ ಇಲ್ಲದೆಯೂ ಒಂದು ಪರೀಕ್ಷೆ ಇದೆ. ಕೈಯಳತೆಯಲ್ಲಿರುವವರ ಜೊತೆ ದನಿ ಎತ್ತಿ ಮಾತಾಡಬೇಕಾಗಿ ಬಂದರೆ ಮಟ್ಟ 85ರ ಸುತ್ತ ಇದೆ ಅಥವಾ ದಾಟಿದೆ.

ಪ್ರಶ್ನೆ: ಮಗನಿಗೆ 10 ವರ್ಷ. ಪಾಠದ ವಿಡಿಯೊ, ಗೇಮು ಎಂದು ದಿನಕ್ಕೆ ಮೂರು ತಾಸು ಇಯರ್‌ಫೋನ್ ಹಾಕಿರುತ್ತಾನೆ, ಅದೂ ಒಂದೇ ಕಿವಿಗೆ. ಮಕ್ಕಳ ಹೆಡ್‌ಫೋನ್ ಕೊಡಿಸಿದರೆ ಸಾಕೇ?
— ಓದುಗರು, ಹಾವೇರಿ

ಉತ್ತರ: ಮೊದಲು ಒಂದೇ ಕಿವಿಯ ರೂಢಿ ಬಿಡಿಸಿ. ಎರಡು ಕಿವಿಯಲ್ಲಿ ಕೇಳಿದಾಗ ಮಿದುಳು ಎರಡನ್ನೂ ಕೂಡಿಸಿಕೊಳ್ಳುವುದರಿಂದ ಕಡಿಮೆ ಸದ್ದು ಸಾಕಾಗುತ್ತದೆ. ಒಂದೇ ಕಿವಿಗೆ ಹಾಕಿದಾಗ ಬಿಟ್ಟ ಕಿವಿಯಿಂದ ಮನೆಯ ಗದ್ದಲವೆಲ್ಲ ಒಳಬಂದು ಹುಡುಗ ವಾಲ್ಯೂಮ್ ಏರಿಸುತ್ತಾನೆ. ‘ಅವ್ವ ಕರೆದರೆ ಕೇಳಲಿ’ ಎಂದು ಒಂದು ಕಿವಿ ಬಿಡಿಸುವ ಪಾಲಕರಿದ್ದಾರೆ; ಅದಕ್ಕಿಂತ ಎರಡೂ ಕಿವಿಗೆ ಹಾಕಿಸಿ ಮಟ್ಟ ಇಳಿಸುವುದು ಸರಿ.

ಮಕ್ಕಳ ಹೆಡ್‌ಫೋನುಗಳ ಡಬ್ಬದ ಮೇಲೆ ಸಾಮಾನ್ಯವಾಗಿ 85 ಡೆಸಿಬಲ್ ಎಂದಿರುತ್ತದೆ. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 40 ತಾಸು, 75 ಡೆಸಿಬಲ್. ಅದೇ ಲೆಕ್ಕದಲ್ಲಿ 84 ಡೆಸಿಬಲ್ಲಿಗೆ ಸಿಗುವುದು ವಾರಕ್ಕೆ 5 ತಾಸು ಮಾತ್ರ. ನಿಮ್ಮ ಮಗ ಕೇಳುವುದು 21 ತಾಸು. ಆದ್ದರಿಂದ ಹೆಡ್‌ಫೋನಿನ ಮಿತಿಯ ಜೊತೆಗೆ ಫೋನಿನಲ್ಲೂ ಮಿತಿ ಹಾಕಿ. ಹಲವು ಫೋನುಗಳ ಸೌಂಡ್ ಸೆಟ್ಟಿಂಗಿನಲ್ಲಿ ಮೀಡಿಯಾ ವಾಲ್ಯೂಮಿಗೆ ಗರಿಷ್ಠ ಗೆರೆ ಎಳೆದು ಪಿನ್ ಹಾಕುವ ಅವಕಾಶವಿದೆ. ಗೆರೆ ಎಲ್ಲಿರಬೇಕು ಎಂದು ತಿಳಿಯಲು, ನೀವೇ ಮೊದಲು ಹಾಕಿ ಕೇಳಿ. ಮಗ ಹಾಕಿಕೊಂಡಾಗ ಕೈಯಳತೆಯಿಂದ ಮಾಮೂಲಿ ದನಿಯಲ್ಲಿ ಹೆಸರು ಹಿಡಿದು ಕರೆಯಿರಿ, ತಿರುಗಿ ನೋಡಬೇಕು. ಪಾಠದ ವಿಡಿಯೊಗಳನ್ನು ಫೋನಿನ ಸ್ಪೀಕರಿನಲ್ಲೇ ಕೇಳಿಸಿದರೆ ದಿನಕ್ಕೊಂದು ತಾಸು ಉಳಿಯುತ್ತದೆ.

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯವರಿಗೂ ಒಂದು ಮಾತು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಸದ್ದಿಗೆ ತಕ್ಕಂತೆ ಏರಿಸಿದ ವಾಲ್ಯೂಮು ಮನೆಗೆ ಬಂದ ಮೇಲೂ ಹಾಗೇ ಉಳಿದಿರುತ್ತದೆ. ಮನೆ ಹೊಕ್ಕ ಕೂಡಲೇ ಸೊನ್ನೆಗೆ ಇಳಿಸಿ, ಅಲ್ಲಿಂದ ಮೇಲೆ ಬರಲಿ.

ಪ್ರಶ್ನೆ: ನನ್ನದು ಆಂಪ್ಲಿಫೈಯರ್ ರಿಪೇರಿ ಕೆಲಸ, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಗಣೇಶ ಚೌತಿ, ಮದುವೆ ಸೀಜನ್ನಿನಲ್ಲಿ ದಿನಾ ಡಿಜೆ ಸೆಟ್ ಟೆಸ್ಟ್ ಮಾಡಬೇಕು. ರಾತ್ರಿ ಮಲಗಿದಾಗ ಕಿವಿಯಲ್ಲಿ ಸಿಳ್ಳೆ ಹೊಡೆದಂತಾಗುತ್ತದೆ. ಹತ್ತಿ ಇಟ್ಟುಕೊಂಡರೆ ಆದೀತೇ? ಬಳ್ಳೊಳ್ಳಿ ಕಾಸಿದ ಎಣ್ಣಿ ಬಿಡಬೇಕೆಂದು ಮನೆಯವರು ಹೇಳುತ್ತಾರೆ.
— ಓದುಗರು, ರಾಣೆಬೆನ್ನೂರು

ಉತ್ತರ: ಎಣ್ಣೆ ಬೇಡ. ಸಿಳ್ಳೆಯ ಮೂಲ ಒಳಕಿವಿಯಲ್ಲಿದೆ. ಎಣ್ಣೆ ಕಿವಿತಮಟೆಯ ಈಚೆಗೇ ನಿಲ್ಲುತ್ತದೆ. ತಮಟೆಗೆ ತೂತಿದ್ದರೆ ಒಳಗಿಳಿದು ಸೋಂಕು ತರುತ್ತದೆ. ಹತ್ತಿಯೂ ಬೇಡ, ಅದು ತಡೆಯುವುದು ಕೆಲವೇ ಡೆಸಿಬಲ್.

ಸಭೆ-ಸಮಾರಂಭಗಳಲ್ಲಿ ಹಾಕುವ ದೊಡ್ಡ ಪಿಎ ಸ್ಪೀಕರೊಂದು 1 ವ್ಯಾಟಿಗೆ 1 ಮೀಟರಿನಲ್ಲಿ 97 ಡೆಸಿಬಲ್ ಕೊಡುತ್ತದೆ ಎನ್ನಿ. 100 ವ್ಯಾಟ್ ಹಾಕಿದರೆ 117. ಕೆಲಸದ ಜಾಗಕ್ಕೆ ಅಮೆರಿಕದ ನಯೋಷ್ (ಕೆಲಸಗಾರರ ಸುರಕ್ಷತೆ-ಆರೋಗ್ಯದ ಸಂಶೋಧನಾ ಸಂಸ್ಥೆ) ಸೂಚಿಸಿರುವ ಮಿತಿಯಲ್ಲಿ 85 ಡೆಸಿಬಲ್ಲಿಗೆ ದಿನಕ್ಕೆ 8 ತಾಸು, 100ಕ್ಕೆ 15 ನಿಮಿಷ. 115 ಮುಟ್ಟಿದರೆ ಅರ್ಧ ನಿಮಿಷವೂ ಇಲ್ಲ. ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಿಮ್ಮ ಕೆಲಸಕ್ಕೆ ಕಿವಿಯೇ ಮುಖ್ಯ ಹತ್ಯಾರ. ಅದನ್ನು ಕಳೆದುಕೊಳ್ಳುವುದು ನಮಗೆ ನೋಡಲಾಗದ ಮಾತು.

ಪವರ್ ಟೆಸ್ಟಿಗೆ ಸ್ಪೀಕರ್ ಬೇಕಿಲ್ಲ. 8 ಓಮ್, 100 ವ್ಯಾಟಿನ ಅಲ್ಯುಮಿನಿಯಂ ಕವಚದ ವೈರ್‌ವೂಂಡ್ ರೆಸಿಸ್ಟರನ್ನು ದೊಡ್ಡ ಹೀಟ್‌ಸಿಂಕಿಗೆ ಬಿಗಿದು ಡಮ್ಮಿ ಲೋಡ್ ಮಾಡಿಕೊಳ್ಳಿ. ಫೋನಿನಿಂದ ಸೈನ್ ಟೋನ್ ಕೊಟ್ಟು ಎಸಿ ವೋಲ್ಟ್ ಅಳೆಯಿರಿ: 20 ವೋಲ್ಟ್ ಬಂದರೆ 50 ವ್ಯಾಟ್, 28.3 ಬಂದರೆ 100 ವ್ಯಾಟ್. ಅಗ್ಗದ ಮಲ್ಟಿಮೀಟರುಗಳು 1 ಕಿಲೋಹರ್ಟ್ಜ್‌ನಲ್ಲಿ ತಪ್ಪು ಹೇಳುವುದರಿಂದ ವೋಲ್ಟ್ ಅಳೆಯಲು 100 ಹರ್ಟ್ಜ್ ಟೋನ್ ಬಳಸಿ. ದನಿಯ ಗುಣ ಕೇಳಬೇಕಿದ್ದರೆ ಅದೇ ಡಮ್ಮಿ ಲೋಡಿನ ತುದಿಗಳಿಂದ 220 ಓಮ್, 10 ವ್ಯಾಟ್ ರೆಸಿಸ್ಟರ್ ಮೂಲಕ ಒಂದು ಸಣ್ಣ 8 ಓಮ್ ಸ್ಪೀಕರ್ ಹಾಕಿ. ಆಂಪ್ಲಿಫೈಯರ್ 100 ವ್ಯಾಟ್ ಕೊಡುತ್ತಿದ್ದರೂ ಆ ಸ್ಪೀಕರಿಗೆ ಹೋಗುವುದು ಸುಮಾರು 1 ವೋಲ್ಟ್. ಒಡಕು, ಗರಗರ, ಹಮ್ ಎಲ್ಲವೂ ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತವೆ. ರಿಪೇರಿ ಆದ ಸೆಟ್ಟನ್ನು ಮೊದಲ ಸಲ ಸೀರೀಸ್ ಬಲ್ಬ್ ಹಾಕಿ, ಲೋಡ್ ಇಲ್ಲದೆ ಆನ್ ಮಾಡುವುದು, ಔಟ್‌ಪುಟ್ಟಿನಲ್ಲಿ ಡಿಸಿ ಇಲ್ಲವೆಂದು ನೋಡಿದ ಮೇಲೆಯೇ ಸ್ಪೀಕರ್ ಸೇರಿಸುವುದು ನಿಮಗೆ ಗೊತ್ತಿರುವ ಕ್ರಮವೇ. ಕಿವಿಗೂ ಅದೇ ರಕ್ಷೆ.

ಗಿರಾಕಿಯ ಮುಂದೆ ಪೂರ್ತಿ ಸೆಟ್ ಹಾಕಲೇಬೇಕಾದಾಗ ಫೋಮ್ ಇಯರ್‌ಪ್ಲಗ್ ಹಾಕಿ. ತೊಳೆದ ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು 30 ಸೆಕೆಂಡ್ ಬೆರಳಲ್ಲಿ ಹಿಡಿದಿರಿ. ನಿಮ್ಮ ದನಿ ನಿಮಗೇ ಡೊಳ್ಳಾಗಿ ಕೇಳಿದರೆ ಸರಿಯಾಗಿ ಕೂತಿದೆ. ಅರ್ಧ ಹೊರಗಿದ್ದರೆ ಡಬ್ಬದ ಮೇಲೆ ಬರೆದ ರಕ್ಷಣೆ ಸಿಗುವುದಿಲ್ಲ.

ಸಿಳ್ಳೆ ದಿನಾ ರಾತ್ರಿ ಬರುತ್ತಿರುವುದರಿಂದ ತಡಮಾಡದೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಹಾವೇರಿ ಜಿಲ್ಲಾ ಆಸ್ಪತ್ರೆ ಅಥವಾ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ (ಹಿಂದಿನ ಕಿಮ್ಸ್) ತೋರಿಸಬಹುದು. ಪ್ಯೂರ್ ಟೋನ್ ಆಡಿಯೊಮೆಟ್ರಿ ಮಾಡಿಸಿ, 3000 ಮತ್ತು 6000 ಹರ್ಟ್ಜ್ ಕೂಡ ನೋಡಲು ಹೇಳಿ. ಸದ್ದಿನಿಂದಾದ ಹಾನಿ ಮೊದಲು 4000ದ ಸುತ್ತ ಕುಳಿಯಂತೆ ಕಾಣಿಸುತ್ತದೆ. ಪರೀಕ್ಷೆಯ ಹಿಂದಿನ ದಿನ ಟೆಸ್ಟಿಂಗ್ ಬೇಡ, 16 ತಾಸಾದರೂ ಕಿವಿಗೆ ಬಿಡುವು ಕೊಡಿ. ಒಂದು ವೇಳೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದು ತುರ್ತು. ಅದೇ ದಿನ ಆಸ್ಪತ್ರೆಗೆ ಹೋಗಿ. ಚಿಕಿತ್ಸೆ ಬೇಗ ಶುರುವಾದಷ್ಟೂ ಗುಣವಾಗುವ ಸಂಭವ ಹೆಚ್ಚು.

ಪ್ರಶ್ನೆ: ನಮ್ಮ ಮಾವನವರಿಗೆ 72. ಟಿವಿ ಸದ್ದು ಇಡೀ ಓಣಿಗೆ ಕೇಳುತ್ತದೆ. ‘ನನಗೆ ಕೇಳುತ್ತದೆ, ಇವರೇ ಸರಿಯಾಗಿ ಮಾತಾಡುವುದಿಲ್ಲ’ ಎನ್ನುತ್ತಾರೆ.
— ಓದುಗರು, ಲಕ್ಷ್ಮೇಶ್ವರ

ಉತ್ತರ: ಅವರು ಹೇಳುವುದು ನಿಜವೇ. ವಯಸ್ಸಾದಂತೆ ಮೊದಲು ಕುಂದುವುದು ಮೇಲಿನ ಸ್ವರಗಳ ಕೇಳ್ಮೆ. ‘ಆ’ ‘ಉ’ ಚೆನ್ನಾಗಿ ಕೇಳುತ್ತವೆ. ಸ, ಚ, ಹ ಜಾರುತ್ತವೆ. ‘ಸಾಕು’, ‘ಚಾಕು’, ‘ಹಾಕು’ ಮೂರೂ ಒಂದೇ ಆಗುತ್ತವೆ. ಟಿವಿಯಲ್ಲಿ ‘ಕ್ಲಿಯರ್ ವಾಯ್ಸ್’ ಅಥವಾ ‘ಸ್ಪೀಚ್’ ಮೋಡ್ ಹಾಕಿ, ಬಾಸ್ ಇಳಿಸಿ, ಟ್ರೆಬಲ್ ತುಸು ಏರಿಸಿ. ಅವರ ಕುರ್ಚಿಯನ್ನು ಟಿವಿಗೆ ಹತ್ತಿರ ತನ್ನಿ. ದೂರ ಅರ್ಧವಾದರೆ ಬಯಲಿನಲ್ಲಿ 6 ಡೆಸಿಬಲ್ ಹೆಚ್ಚು ಸಿಗುತ್ತದೆ, ಕೋಣೆಯೊಳಗೆ ಅದಕ್ಕಿಂತ ಕಡಿಮೆಯಾದರೂ ಮಾತು ತಿಳಿಯಾಗುತ್ತದೆ. ಅವರ ಕುರ್ಚಿಯ ಪಕ್ಕಕ್ಕೇ ಸಣ್ಣ ಸ್ಪೀಕರೊಂದನ್ನು ಟಿವಿಯ ಹೆಡ್‌ಫೋನ್ ಔಟ್‌ಪುಟ್ಟಿನಿಂದ ವೈರಿನಲ್ಲಿ ಎಳೆದುಕೊಟ್ಟರೆ ಮನೆಮಂದಿಗೆಲ್ಲ ನೆಮ್ಮದಿ. ಗುಗ್ಗೆ ತುಂಬಿದೆಯೇ ಎಂದು ವೈದ್ಯರಿಗೆ ತೋರಿಸಿ, ಕಡ್ಡಿ ಹಾಕಬೇಡಿ. ಗದಗದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ (ಜಿಮ್ಸ್) ಕಿವಿ ವಿಭಾಗದಲ್ಲಿ ಶ್ರವಣ ಪರೀಕ್ಷೆಯ ಬಗ್ಗೆ ವಿಚಾರಿಸಿ. ಶ್ರವಣ ಸಾಧನ ಬೇಕೆಂದರೆ ಮುಂದೂಡಬೇಡಿ, ಸಣ್ಣ ನಷ್ಟವಿದ್ದಾಗಲೇ ಹಾಕಿಕೊಂಡವರು ಅದಕ್ಕೆ ಬೇಗ ಒಗ್ಗುತ್ತಾರೆ.

ಪ್ರಶ್ನೆ: ಮಗ್ಗಲು ಮನೆಯವರ ಸಬ್‌ವೂಫರ್ ರಾತ್ರಿ 11ರವರೆಗೆ ಗುಡುಗುತ್ತದೆ. ಕಾನೂನು ಏನು ಹೇಳುತ್ತದೆ?
— ಓದುಗರು, ಉಣಕಲ್, ಹುಬ್ಬಳ್ಳಿ

ಉತ್ತರ: ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್. ಖಾಸಗಿ ಸೌಂಡ್ ಸಿಸ್ಟಮ್ಮಿನ ಸದ್ದು ಆ ಮನೆಯ ಗಡಿಯಲ್ಲಿ ಇದಕ್ಕಿಂತ 5 ಡೆಸಿಬಲ್ಲಿಗೂ ಹೆಚ್ಚು ಮೀರಬಾರದು. ದೂರನ್ನು ಪೊಲೀಸರಿಗೆ, 112ಕ್ಕೆ ಕೊಡಬಹುದು. ಅದಕ್ಕೂ ಮೊದಲು ಹಗಲು ಹೊತ್ತಿನಲ್ಲಿ ಮನೆಗೆ ಹೋಗಿ ಮಾತಾಡಿ ನೋಡಿ. ಸಬ್‌ವೂಫರನ್ನು ನಡುಗೋಡೆಯಿಂದ ಸರಿಸಿ, ಅಡಿಗೆ ಎರಡು ಇಂಚಿನ ಗಟ್ಟಿ ಫೋಮ್ ಅಥವಾ ರಬ್ಬರ್ ಕೊಟ್ಟು, 10 ಗಂಟೆಯ ಮೇಲೆ ಅದನ್ನಷ್ಟೇ ಬಂದ್ ಮಾಡಿದರೆ ಅವರ ಸಿನಿಮಾ ನಿಲ್ಲುವುದಿಲ್ಲ, ನಿಮ್ಮ ನಿದ್ದೆಯೂ ಕೆಡುವುದಿಲ್ಲ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗ ಹೆಡ್‌ಫೋನಿನಲ್ಲಿ ‘ಢಮ್’ ಎಂದು ಹೊಡೆಯುತ್ತದೆ. ಕಿವಿಗೆ ಪೆಟ್ಟಾಗುತ್ತದೆಯೇ?
— ಓದುಗರು, ನರಗುಂದ

ಉತ್ತರ: ಆಗಬಹುದು. ಅಂಥ ಹೊಡೆತ ಒಂದು ಕ್ಷಣದ್ದೇ ಆದರೂ ಮಟ್ಟ ಬಹಳ ಮೇಲಿರುತ್ತದೆ. ಕರೆಂಟ್ ಹೋದ ಕೂಡಲೇ ಹೆಡ್‌ಫೋನ್ ತೆಗೆದು, ನಾಬ್ ಇಳಿಸಿ, ಸ್ವಿಚ್ ಬಂದ್ ಮಾಡಿ. ಬಂದ ಮೇಲೆ ಮೊದಲು ಪ್ಲೇಯರ್, ಕೊನೆಗೆ ಆಂಪ್ಲಿಫೈಯರ್ ಆನ್ ಮಾಡಿ. ಬಂದ್ ಮಾಡುವಾಗ ಮೊದಲು ಆಂಪ್ಲಿಫೈಯರ್. ಆಂಪ್ಲಿಫೈಯರ್ ಆನ್ ಇರುವಾಗ ಆರ್‌ಸಿಎ (ಕೆಂಪು-ಬಿಳಿ ವೈರಿನ) ಪಿನ್ ಕೀಳಬೇಡಿ, 50 ಹರ್ಟ್ಜ್ ಹಮ್ ಪೂರ್ತಿ ಜೋರಿನಲ್ಲಿ ಬರುತ್ತದೆ. ಬ್ಲೂಟೂತ್ ಹೆಡ್‌ಫೋನ್ ಮರುಜೋಡಣೆಯಾದಾಗಲೂ ವಾಲ್ಯೂಮ್ ಹಾರುವುದುಂಟು. ಹಾಡು ಶುರುವಾದದ್ದನ್ನು ಕೈಯಲ್ಲಿ ಹಿಡಿದೇ ಕೇಳಿ, ಆಮೇಲೆ ಕಿವಿಗೆ ಹಾಕಿಕೊಳ್ಳಿ.